‘ಪ್ರೀತಿಯಿಂದ’ ಅಂತ ಬರೆದರೆ ಬೆಲೆ ಕಮ್ಮಿ

ಬಾಹ್ಯಾಕಾಶದ ಹಳೇ ಸಾಮಾನುಗಳ ಹರಾಜು ಕ್ಯಾಟಲಾಗ್ ಓದೋದು ನನಗೊಂದು ಚಟ. ಕೊಳ್ಳೋ ತಾಕತ್ತಿಲ್ಲ, ಆದರೆ ಓದೋಕೆ ಯಾರೂ ದುಡ್ಡು ಕೇಳಲ್ಲವಲ್ಲ. ರಾತ್ರಿ ರಿಲೀಸ್ ಇದ್ದಾಗ ಸರ್ವರ್‌ಗಳು ಒಂದೊಂದೇ ಮೇಲೇಳೋ ತನಕ ಕಾಯ್ತಾ ಕೂತು ಇವನ್ನ ಓದ್ತಿರ್ತೀನಿ. ಹಾಗೆ ಓದ್ತಾ ಓದ್ತಾ ನನಗೆ ಮೊದಲು ವಿಚಿತ್ರ ಅನ್ನಿಸಿದ ಪದ ‘ಅನ್‌ಇನ್‌ಸ್ಕ್ರೈಬ್ಡ್’.

ನೀಲ್ ಆರ್ಮ್‌ಸ್ಟ್ರಾಂಗ್ ಬಿಳಿ ಬಾಹ್ಯಾಕಾಶ ಉಡುಪು ತೊಟ್ಟು ನಿಂತ ನಾಸಾದ ಅಧಿಕೃತ ಫೋಟೋ ಒಂದಿದೆ. ಸಂಗ್ರಾಹಕರ ಲೋಕದಲ್ಲಿ ಅದಕ್ಕೆ ರಾಜಮರ್ಯಾದೆ. ಅದರ ಮೇಲೆ ‘ಇಂಥವರಿಗೆ, ಶುಭ ಹಾರೈಕೆಗಳೊಂದಿಗೆ’ ಅಂತ ಬರೆದು ಸಹಿ ಹಾಕಿದ್ದರೆ ಒಂದು ಬೆಲೆ. ಯಾರ ಹೆಸರನ್ನೂ ಬರೆಯದೆ ಬರೀ ಸಹಿ ಹಾಕಿದ್ದರೆ ಅದಕ್ಕಿಂತ ಎಷ್ಟೋ ಹೆಚ್ಚು. ಅದೇ ಆ ‘ಅನ್‌ಇನ್‌ಸ್ಕ್ರೈಬ್ಡ್’. ಅಂದರೆ ಚಂದ್ರನ ಮೇಲೆ ಕಾಲಿಟ್ಟ ಮನುಷ್ಯ ಒಬ್ಬ ಹುಡುಗನ ಪತ್ರ ಓದಿ, ಅವನ ಹೆಸರು ಬರೆದು, ಒಂದು ಒಳ್ಳೇ ಮಾತೂ ಸೇರಿಸಿ ಕಳಿಸಿದ್ದರೆ, ಆ ಒಳ್ಳೇ ಮಾತಿನಿಂದಲೇ ಬೆಲೆ ಇಳಿಯುತ್ತೆ. ಮಾರುಕಟ್ಟೆ ಲೆಕ್ಕದಲ್ಲಿ ಇದು ಸರಿಯೇ. ಬೇರೆಯವರ ಹೆಸರಿರೋ ಫೋಟೋನ ಗೋಡೆಗೆ ಹಾಕ್ಕೊಳ್ಳೋಕೆ ಯಾರಿಗೆ ತಾನೇ ಮನಸ್ಸು ಬರುತ್ತೆ? ಆದರೂ ಓದಿದಾಗ ಯಾಕೋ ಕಸಿವಿಸಿ ಆಯ್ತು.

ಎರಡು ವರ್ಷದ ಹಿಂದೆ ನಾನೂ ಒಂದು ಸಹಿ ಫೋಟೋ ಕೊಂಡೇ ಬಿಡೋಣ ಅಂತ ಹೊರಟಿದ್ದೆ. ಆರ್ಮ್‌ಸ್ಟ್ರಾಂಗ್‌ದಲ್ಲ, ಬೇರೆ ಒಬ್ಬ ಅಪೋಲೋ ಯಾತ್ರಿಕನದು. ಆದರೂ ಎರಡು ತಿಂಗಳ ಸಂಬಳ. ಊರಿಗೆ ಫೋನ್ ಮಾಡಿದಾಗ ಮಾತಿಗೆ ಅಪ್ಪನ ಹತ್ರ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ. “ಅದ್ಸರಿ ಕಣ್ ಮಗ, ಯಾವ್ದುಕ್ಕೆ ರುಜು ಹಾಕವ್ನೆ?” ಅಂದರು.

ನಮ್ಮಪ್ಪ ಒಬ್ಬರ ಸೊಸೈಟಿ ಸಾಲಕ್ಕೆ ಜಾಮೀನು ನಿಂತು ಮೂರು ವರ್ಷ ತಾವೇ ಕಂತು ಕಟ್ಟಿದವರು. ಅವರ ಮಟ್ಟಿಗೆ ರುಜು ಅಂದರೆ ಯಾವುದೋ ಒಂದು ಕಾಗದಕ್ಕೆ, ಯಾವುದೋ ಒಂದು ಮಾತಿಗೆ ಹಾಕೋದು. ಖಾಲಿ ಕಾಗದಕ್ಕೆ ರುಜು ಹಾಕಬಾರದು ಅನ್ನೋದು ನಮ್ಮಲ್ಲಿ ಮಕ್ಕಳಿಗೆ ಅಕ್ಷರ ಬಂದ ಕೂಡಲೇ ಹೇಳಿಕೊಡೋ ಪಾಠ. ಇಲ್ಲಿ ನೋಡಿದರೆ ಉಲ್ಟಾ. ಯಾವ ಮಾತೂ ಇಲ್ಲದ, ಯಾರ ಹೆಸರೂ ಇಲ್ಲದ ಖಾಲಿ ರುಜುಗೇ ಜಾಸ್ತಿ ಬೆಲೆ. ಅಪ್ಪನ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಆವತ್ತಿಂದ ಯಾವ ಕ್ಯಾಟಲಾಗ್ ತೆಗೆದರೂ ಅದೇ ಪ್ರಶ್ನೆ ಕೇಳ್ಕೊಂಡು ಓದ್ತಿದೀನಿ.

ಮೊದಲು ಈ ಆರ್ಮ್‌ಸ್ಟ್ರಾಂಗ್ ಕಥೆನೇ ತಗೊಳ್ಳಿ. ಚಂದ್ರನಿಂದ ಬಂದ ಮೇಲೆ ಸುಮಾರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆತ ಪತ್ರ ಬರೆದು ಕೇಳಿದವರಿಗೆಲ್ಲ ಪುಕ್ಕಟೆ ಸಹಿ ಹಾಕಿ ಕಳಿಸ್ತಿದ್ದರು. ಆ ಸಹಿಗಳು ದುಡ್ಡಿಗೆ ಮಾರಾಟ ಆಗ್ತಿರೋದು, ಅದರ ಜತೆಗೆ ನಕಲಿ ಸಹಿಗಳ ಹಾವಳಿ ಬೆಳೆದಿರೋದು ಗೊತ್ತಾದ ಮೇಲೆ 1994ರ ಹೊತ್ತಿಗೆ ನಿಲ್ಲಿಸಿಬಿಟ್ಟರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಹಾಗಾಯ್ತು. ನಿಲ್ಲಿಸಿದ್ದರಿಂದ ಆಗಿದ್ದೇನು? ಇದ್ದ ಸಹಿಗಳ ಬೆಲೆ ಇನ್ನೂ ಏರಿತು. 2005ರಲ್ಲಿ ಒಹಾಯೋದ ಅವರ ಕ್ಷೌರಿಕನೇ ಅವರ ಕೂದಲನ್ನ 3,000 ಡಾಲರಿಗೆ ಮಾರಿದ್ದು ಸುದ್ದಿಯಾಯ್ತು. ಆರ್ಮ್‌ಸ್ಟ್ರಾಂಗ್ ವಕೀಲರ ಮೂಲಕ ಪತ್ರ ಕಳಿಸಿದರು. ಸಹಿ ಸಿಗದಿದ್ದರೆ ಕೂದಲಾದರೂ ಸರಿ ಅನ್ನೋ ಮಟ್ಟಕ್ಕೆ ಬಂದಿತ್ತು ಈ ಸಂಗ್ರಹದ ಹುಚ್ಚು.

ಇನ್ನು ನಕಲಿ ವಿಷಯ. ಇದು ನನ್ನಂಥ ಸಾಫ್ಟ್‌ವೇರ್‌ನವರಿಗೆ ಮಜಾ ಕೊಡೋ ಭಾಗ. ಅರವತ್ತರ ದಶಕದಲ್ಲಿ ಗಗನಯಾತ್ರಿಗಳಿಗೆ ಮೂಟೆಗಟ್ಟಲೆ ಪತ್ರ ಬರ್ತಿದ್ದವು. ಎಲ್ಲಕ್ಕೂ ಕೈಯಲ್ಲಿ ಸಹಿ ಹಾಕ್ತಾ ಕೂತರೆ ಚಂದ್ರನಿಗೆ ಹೋಗೋದು ಯಾವಾಗ? ಹಾಗಾಗಿ ನಾಸಾ ಆಟೋಪೆನ್ ಅನ್ನೋ ಯಂತ್ರ ಇಟ್ಟುಕೊಂಡಿತ್ತು. ಸಹಿಯ ಅಚ್ಚೊಂದನ್ನ ಮಾಡಿ ಕೂರಿಸಿದರೆ ಯಂತ್ರದ ತೋಳು ಆ ಅಚ್ಚಿನ ಮೇಲೆ ಹರಿದಾಡಿ, ನಿಜವಾದ ಪೆನ್ನಲ್ಲಿ, ನಿಜವಾದ ಇಂಕಲ್ಲಿ ಸಹಿ ಹಾಕುತ್ತೆ. ಇದನ್ನ ಪತ್ತೆ ಮಾಡೋ ಉಪಾಯ ಸರಳ. ಎರಡು ಸಹಿಗಳನ್ನ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯೋದು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಹೊಂದಿಕೊಂಡರೆ ಅದು ಯಂತ್ರದ್ದು. ಮನುಷ್ಯನ ಕೈ ಒಂದು ಸಲ ಹಾಕಿದ ಹಾಗೆ ಇನ್ನೊಂದು ಸಲ ಹಾಕೋಕೆ ಸಾಧ್ಯನೇ ಇಲ್ಲ.

ನಮ್ಮ ಕೆಲಸದಲ್ಲಿ ಇದರ ತದ್ವಿರುದ್ಧ. ಒಂದು ಫೈಲ್ ಅಸಲಿಯೋ ಅಲ್ಲವೋ ನೋಡೋಕೆ ಅದರ ಹ್ಯಾಶ್ ತೆಗೆದು ಹೋಲಿಸ್ತೀವಿ. ಒಂದಕ್ಷರ ಹೆಚ್ಚುಕಮ್ಮಿ ಬಂದರೂ ಖೋಟಾ. ಕಂಪ್ಯೂಟರಿನಲ್ಲಿ ಪೂರ್ತಿ ಹೊಂದಿಕೆಯಾದರೆ ಅಸಲಿ, ಕಾಗದದ ಮೇಲೆ ಪೂರ್ತಿ ಹೊಂದಿಕೆಯಾದರೆ ನಕಲಿ. ನಾನು ಕೊಳ್ಳಲು ಹೊರಟಿದ್ದ ಫೋಟೋ ಜತೆ ‘ಅಸಲಿ ಎಂಬ ಪ್ರಮಾಣಪತ್ರ’ ಕೊಡ್ತೀವಿ ಅಂದಿದ್ದರು. ಆ ಪ್ರಮಾಣಪತ್ರದ ಕೆಳಗೂ ಒಂದು ಸಹಿ ಇತ್ತು. ಆ ಸಹಿ ಅಸಲಿ ಅಂತ ಹೇಳೋರು ಯಾರು? ಅಂತೂ ಒಂದು ರುಜುವಿಗೆ ಇನ್ನೊಂದು ರುಜು ಜಾಮೀನು. ಅಪ್ಪನಿಗೆ ಇದನ್ನ ಹೇಳಿದ್ದಿದ್ದರೆ ನಗ್ತಿದ್ದರು.

ಹಾಗಾದರೆ ಈ ಲೋಕದಲ್ಲಿ ಯಾವುದಕ್ಕೋ ಹಾಕಿದ ಸಹಿ ಅನ್ನೋದು ಇಲ್ಲವೇ ಇಲ್ಲವಾ? ಇದೆ. ಸಂಗ್ರಾಹಕರು ‘ಇನ್ಶೂರೆನ್ಸ್ ಕವರ್’ ಅಂತ ಕರೆಯೋ ಅಂಚೆ ಲಕೋಟೆಗಳಿವೆ. 1969ರ ಜುಲೈನಲ್ಲಿ, ಹಾರೋಕೆ ಮೊದಲು ಯಾರಿಂದಲೂ ಸೋಂಕು ತಗಲಬಾರದು ಅಂತ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರನ್ನೂ ಪ್ರತ್ಯೇಕವಾಗಿ ಇಟ್ಟಿದ್ದರಲ್ಲ, ಆಗ ಅವರು ಕೂತು ನೂರಾರು ಲಕೋಟೆಗಳಿಗೆ ಸಹಿ ಹಾಕಿದರು. ಅವನ್ನ ನಂಬಿಕಸ್ಥರೊಬ್ಬರ ಕೈಗೆ ಕೊಟ್ಟು ಹೋದರು. ಕೆಲವಕ್ಕೆ ರಾಕೆಟ್ ಹಾರಿದ ಜುಲೈ 16ರ, ಕೆಲವಕ್ಕೆ ಚಂದ್ರನ ಮೇಲಿಳಿದ ಜುಲೈ 20ರ ಅಂಚೆ ಠಸ್ಸೆ ಬಿತ್ತು. ಆಮೇಲೆ ಲಕೋಟೆಗಳು ಮೂವರ ಮನೆ ಸೇರಿದವು. ನಾವು ವಾಪಸ್ ಬರದಿದ್ದರೆ ಹೆಂಡತಿ ಮಕ್ಕಳು ಇವನ್ನ ಮಾರ್ಕೊಂಡು ಬದುಕಲಿ ಅನ್ನೋದು ಲೆಕ್ಕಾಚಾರ. ಅಪೋಲೋ 16ರ ತನಕ ಈ ಪದ್ಧತಿ ನಡೀತು.

ಅದೇ ಜುಲೈ 18ರಂದು ಇತ್ತ ವೈಟ್‌ಹೌಸಿನಲ್ಲಿ ವಿಲಿಯಂ ಸಫೈರ್ ಎಂಬ ಭಾಷಣ ಬರಹಗಾರ, ಇಬ್ಬರು ಚಂದ್ರನ ಮೇಲೇ ಉಳಿದುಬಿಟ್ಟರೆ ಅಧ್ಯಕ್ಷ ನಿಕ್ಸನ್ ಓದಬೇಕಾದ ಸಂತಾಪ ಭಾಷಣ ಸಿದ್ಧ ಮಾಡಿ ಕೊಟ್ಟಿದ್ದ. ಸರ್ಕಾರದ ಕಡೆಯಿಂದ ಭಾಷಣ ರೆಡಿ, ಯಾತ್ರಿಕರ ಕಡೆಯಿಂದ ಲಕೋಟೆ ರೆಡಿ. ಎರಡೂ ಬಳಕೆಗೆ ಬರಲಿಲ್ಲ, ಪುಣ್ಯ.

ವಿಮರ್ಶಕನಾಗಿ ನನ್ನನ್ನ ಕೇಳಿದರೆ, ಈ ಸಂಗ್ರಹ ಲೋಕದಲ್ಲಿ ಮಾರಾಟಕ್ಕೆ ಅಂತಲೇ ಹಾಕಿದ ಸಹಿಗಳ ಪೈಕಿ ನಿಜಕ್ಕೂ ಏನನ್ನೋ ಹೇಳೋದು ಈ ಲಕೋಟೆಗಳು ಮಾತ್ರ. ಫೋಟೋ ಮೇಲಿನ ಸಹಿಯಲ್ಲಿ ಗೆದ್ದು ಬಂದವನ ಧೈರ್ಯ ಇರುತ್ತೆ. ಇಲ್ಲಿ ಇನ್ನೂ ಹೋಗಿಲ್ಲದವನ ಭಯ ಇದೆ, ಸಂಸಾರದ ಚಿಂತೆ ಇದೆ. ಇವು ಚಂದ್ರನಿಗೆ ಹೋದವಲ್ಲ, ಮನೆಯಲ್ಲೇ ಉಳಿದವು. ‘ಯಾವ್ದುಕ್ಕೆ ರುಜು ಹಾಕವ್ನೆ’ ಅಂದರೆ ಉತ್ತರ ಇದೆ: ಮನೆಯವರಿಗೆ. 1990ರ ದಶಕದಿಂದ ಇವೂ ಹರಾಜಿಗೆ ಬರ್ತಿವೆ. ಕ್ಯಾಟಲಾಗಿನವರು ಇವನ್ನ ವರ್ಣಿಸುವಾಗ ಇಂಕು ಮಾಸಿಲ್ಲ, ಮೂಲೆ ಮಡಿಚಿಲ್ಲ ಅಂತ ವಿವರ ಕೊಡ್ತಾರೆ. ಸಹಿ ಹಾಕುವಾಗ ಅವರ ಮನಸ್ಸು ಹೇಗಿದ್ದಿರಬಹುದು ಅನ್ನೋದಕ್ಕೆ ಅಲ್ಲಿ ಕಾಲಂ ಇಲ್ಲ.

ಇದೇ ಲಕೋಟೆ ಎರಡು ವರ್ಷದೊಳಗೆ ಹೇಗೆ ಹಾಳಾಯ್ತು ನೋಡಿ. 1971ರ ಅಪೋಲೋ 15. ಡೇವಿಡ್ ಸ್ಕಾಟ್, ಆಲ್ ವರ್ಡನ್, ಜಿಮ್ ಇರ್ವಿನ್ ಮೂವರೂ ಸೇರಿ ಸುಮಾರು 400 ಲಕೋಟೆಗಳನ್ನ ಅನುಮತಿಯಿಲ್ಲದೆ ಚಂದ್ರನಿಗೆ ತಗೊಂಡು ಹೋಗಿ ವಾಪಸ್ ತಂದರು. ಸಮುದ್ರದಿಂದ ಅವರನ್ನ ಎತ್ತಿಕೊಂಡ ಹಡಗಿನಲ್ಲೇ ಠಸ್ಸೆ ಬಿತ್ತು. ಹವಾಯಿಯಿಂದ ಹೂಸ್ಟನ್‌ಗೆ ಹೋಗೋ ವಿಮಾನದಲ್ಲಿ ಕೂತು ಸಹಿ ಹಾಕಿದರು. ಅದರಲ್ಲಿ 100 ಲಕೋಟೆ ಪಶ್ಚಿಮ ಜರ್ಮನಿಯ ಅಂಚೆಚೀಟಿ ವ್ಯಾಪಾರಿಗೆ. ಪ್ರತಿಯಾಗಿ ಒಬ್ಬೊಬ್ಬರಿಗೆ ಸುಮಾರು 7,000 ಡಾಲರ್, ಮಕ್ಕಳ ಓದಿಗೆ ಅಂತ. ಮಾರಾಟದ ಸುದ್ದಿ ಹೊರಬಿದ್ದು ರಂಪ ಆಯ್ತು. ದುಡ್ಡು ವಾಪಸ್ ಕೊಟ್ಟರೂ ಉಪಯೋಗ ಆಗಲಿಲ್ಲ. 1972ರಲ್ಲಿ ಛೀಮಾರಿ ಬಿತ್ತು, ಸೆನೆಟ್ ಸಮಿತಿ ಮುಂದೆ ಉತ್ತರ ಹೇಳಬೇಕಾಯ್ತು. ಮೂವರಲ್ಲಿ ಒಬ್ಬರೂ ಮತ್ತೆ ಬಾಹ್ಯಾಕಾಶಕ್ಕೆ ಹೋಗಲಿಲ್ಲ. ಚಂದ್ರನ ಮೇಲೆ ಮೊದಲ ಬಾರಿಗೆ ಕಾರು ಓಡಿಸಿ, ವಿಜ್ಞಾನದ ದೃಷ್ಟಿಯಿಂದ ಬಹಳ ದೊಡ್ಡ ಕೆಲಸ ಮಾಡಿದ ಯಾತ್ರೆ ಅದು. ಆದರೆ ಆ ಮೂವರ ಹೆಸರು ಬಂದ ಕಡೆಯೆಲ್ಲ ಲಕೋಟೆಯೂ ಹಿಂದೆಯೇ ಬರುತ್ತೆ.

ಇದರಲ್ಲಿ ಅವರದು ತಪ್ಪು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಶಿಕ್ಷೆ ಕೊಟ್ಟವರು ಮುಂದೆ ಏನು ಮಾಡಿದರು ಅನ್ನೋದನ್ನೂ ನೋಡಬೇಕಲ್ಲ. 1983ರಲ್ಲಿ ಇದೇ ನಾಸಾ ಅಂಚೆ ಇಲಾಖೆ ಜತೆ ಸೇರಿ ಚಾಲೆಂಜರ್ ನೌಕೆಯಲ್ಲಿ ಸುಮಾರು 2 ಲಕ್ಷ 60 ಸಾವಿರ ಲಕೋಟೆ ಹಾರಿಸಿ, ಒಂದೊಂದನ್ನ 15.35 ಡಾಲರಿಗೆ ಜನರಿಗೆ ಮಾರಿತು. ವರ್ಡನ್ ಕೋರ್ಟಿಗೆ ಹೋದರು. ಅಪೋಲೋ 15ರಲ್ಲಿ ವಶಪಡಿಸಿಕೊಂಡಿದ್ದ ಲಕೋಟೆಗಳನ್ನ ಸರ್ಕಾರ ಅದೇ ವರ್ಷ ವಾಪಸ್ ಕೊಟ್ಟಿತು. 400 ಒಯ್ದರೆ ಅಪರಾಧ, 2 ಲಕ್ಷ 60 ಸಾವಿರ ಒಯ್ದರೆ ಯೋಜನೆ.

ಸಂಗ್ರಾಹಕರ ಪರವಾಗಿಯೂ ಒಂದೆರಡು ಮಾತು ಹೇಳಬೇಕು, ಇಲ್ಲದಿದ್ದರೆ ಈ ಬರಹ ಅನ್ಯಾಯ ಆಗುತ್ತೆ. ಮ್ಯೂಸಿಯಮ್ಮುಗಳಿಗೆ ಎಲ್ಲವನ್ನೂ ಇಟ್ಟುಕೊಳ್ಳೋ ಜಾಗ ಇಲ್ಲ. ಎಷ್ಟೋ ಕಾಗದಪತ್ರ ಉಳಿದಿರೋದು ಯಾರೋ ಒಬ್ಬ ಹುಚ್ಚ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಕಾಪಾಡಿದ್ದಕ್ಕೆ. ಆಟೋಪೆನ್ ಅಚ್ಚುಗಳನ್ನ ಒಂದೊಂದಾಗಿ ಗುರುತು ಹಿಡಿದು ಪಟ್ಟಿ ಮಾಡಿದವರೂ ಅವರೇ. ಮರ್ಕ್ಯುರಿ ಯೋಜನೆಯ ಯಾತ್ರಿಕರು 1984ರಲ್ಲಿ ಶುರು ಮಾಡಿದ ವಿದ್ಯಾರ್ಥಿವೇತನ ಪ್ರತಿಷ್ಠಾನ, ಹಳೇ ಗಗನಯಾತ್ರಿಗಳನ್ನ ಕೂರಿಸಿ ದುಡ್ಡು ತಗೊಂಡು ಸಹಿ ಹಾಕಿಸಿ, ವಿಜ್ಞಾನ ಓದೋ ಮಕ್ಕಳಿಗೆ ನೆರವು ಕೊಡ್ತಾ ಬಂದಿದೆ. ಸಂಗ್ರಹದ ಬಗ್ಗೆ ನನಗೆ ತಕರಾರಿಲ್ಲ. ಸಂಗ್ರಹದಲ್ಲಿ ಯಾವುದು ಮೇಲು ಯಾವುದು ಕೆಳಗು ಅನ್ನೋ ಲೆಕ್ಕ ತಲೆಕೆಳಗಾಗಿದೆ ಅನ್ನೋದಷ್ಟೇ ನನ್ನ ತಕರಾರು.

ಒಂದು ಉದಾಹರಣೆ. ಅಪೋಲೋ 13ರ ಕಥೆ ಸಿನಿಮಾದಿಂದ ಎಲ್ಲರಿಗೂ ಗೊತ್ತು. 1970ರ ಏಪ್ರಿಲ್ 13ರಂದು ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಮುಖ್ಯ ನೌಕೆಯ ಕರೆಂಟು ಹೋಗೋದರೊಳಗೆ ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನೋ ಕೋನಗಳನ್ನ ಚಂದ್ರನೌಕೆಯ ಕಂಪ್ಯೂಟರಿಗೆ ದಾಟಿಸಬೇಕಿತ್ತು. ಎರಡು ನೌಕೆಗಳ ಅಳತೆ ಬೇರೆ ಬೇರೆ, ಹಾಗಾಗಿ ಕೂಡಿ ಕಳೆದು ಬದಲಾಯಿಸಬೇಕು. ಜಿಮ್ ಲೊವೆಲ್ ಚೆಕ್‌ಲಿಸ್ಟ್ ಪುಸ್ತಕದಲ್ಲೇ ಲೆಕ್ಕ ಗೀಚಿದರು. ಗೀಚಿ, ನನ್ನ ಲೆಕ್ಕ ಸರಿ ಇದೆಯಾ ನೋಡಿ ಅಂತ ಹೂಸ್ಟನ್‌ನವರನ್ನ ಕೇಳಿದರು. ಅದೂ ಸಾದಾ ಕೂಡೋ ಕಳೆಯೋ ಲೆಕ್ಕ. ಪ್ರೊಡಕ್ಷನ್ ಬಿದ್ದುಹೋದ ರಾತ್ರಿ ಒಂದು ಸಾಲು ಕಮಾಂಡ್ ಹೊಡೆಯೋ ಮೊದಲು ಪಕ್ಕದವನನ್ನ ಕರೆದು ‘ಒಂದ್ಸಲ ನೋಡೋ ಮಾರಾಯ’ ಅಂದವರಿಗೆ ಆ ಕ್ಷಣ ಏನು ಅಂತ ಗೊತ್ತು. ನಾವು ಬಿದ್ದರೆ ವೆಬ್‌ಸೈಟ್ ಬೀಳುತ್ತೆ, ಅಲ್ಲಿ ಮೂರು ಜೀವ.

2011ರ ನವೆಂಬರಿನಲ್ಲಿ ಆ ಪುಸ್ತಕ 3,88,375 ಡಾಲರಿಗೆ ಹರಾಜಾಯ್ತು. ಇದು ನಿಮ್ಮದು ಹೇಗಾಗುತ್ತೆ ಅಂತ ನಾಸಾ ತಗಾದೆ ತೆಗೀತು. ಕೊನೆಗೆ 2012ರ ಸೆಪ್ಟೆಂಬರಿನಲ್ಲಿ, ಅಪೋಲೋ ಕಾಲದ ಯಾತ್ರಿಕರು ನೆನಪಿಗೆ ಇಟ್ಟುಕೊಂಡ ಸಾಮಾನು ಅವರದೇ ಅಂತ ಅಮೆರಿಕದಲ್ಲಿ ಕಾನೂನೇ ಆಯ್ತು. ಚಂದ್ರನ ಕಲ್ಲು ಮಾತ್ರ ಅದರಿಂದ ಹೊರಗೆ. ಈ ಒಂದು ಸಲ ಮಾರುಕಟ್ಟೆ ಸರಿಯಾದ ವಸ್ತುವಿಗೇ ಬೆಲೆ ಕೊಟ್ಟಿದೆ ಅಂತ ನನ್ನ ಭಾವನೆ. ಆ ಪುಟದ ಮೇಲಿರೋದು ಅಭಿಮಾನಿಗೆ ಅಂತ ಬರೆದಿದ್ದಲ್ಲ, ಮಾರೋಕೆ ಅಂತ ಬರೆದಿದ್ದೂ ಅಲ್ಲ. ಅದು ಕೆಲಸ ನಡೀತಾ ಇರುವಾಗ ಬಿದ್ದ ಅಕ್ಷರ.

ಮೈಕಲ್ ಕಾಲಿನ್ಸ್ ಬರೆದಿದ್ದು ಇನ್ನೂ ಚೆನ್ನಾಗಿದೆ. ಅಪೋಲೋ 11 ಸಮುದ್ರಕ್ಕಿಳಿದು, ನೌಕೆಯನ್ನ ಹಡಗಿಗೆ ಎತ್ತಿಟ್ಟ ಮೇಲೆ ಆತ ಮತ್ತೆ ಅದರೊಳಗೆ ತೂರಿಕೊಂಡು, ಕೆಳಗಿನ ಸಲಕರಣೆ ಗೋಡೆಯ ಮೇಲೆ ಪೆನ್ನಿನಿಂದ ನಾಲ್ಕು ಸಾಲು ಬರೆದರು. ನೌಕೆಯ ನಂಬರು, ಅದರ ಹೆಸರು, ಕಾರ್ಖಾನೆಯಿಂದ ಬಂದ ನೌಕೆಗಳಲ್ಲೆಲ್ಲ ಇದೇ ಶ್ರೇಷ್ಠ, ದೇವರು ಒಳ್ಳೇದು ಮಾಡಲಿ ಅನ್ನೋ ಅರ್ಥದ ಮಾತು, ಕೆಳಗೆ ಸಹಿ. ಸಾಕಿದ ಎತ್ತಿನ ಬೆನ್ನು ತಟ್ಟಿದ ಹಾಗೆ. ಇದು ‘ಇನ್‌ಸ್ಕ್ರೈಬ್ಡ್’ ಸಹಿ, ಯಾರಿಗೆ ಅಂತ ಸ್ಪಷ್ಟವಾಗಿ ಬರೆದದ್ದು. ನೌಕೆ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ, ಮಾರಾಟಕ್ಕಿಲ್ಲ.

ಈಗ ಮತ್ತೊಂದು ಮಾತು. ಇಷ್ಟು ಹೊತ್ತು ನಾನು ಹೆಸರಿಸಿದವರೆಲ್ಲ ಹಾರಿದವರು. ಹಾರಿಸಿದವರ ಸಹಿ ಎಲ್ಲಿ? ಅಪೋಲೋ ಕಂಪ್ಯೂಟರಿನ ಪ್ರೋಗ್ರಾಮನ್ನ ಅಕ್ಷರಶಃ ನೇಯ್ದಿದ್ದು ಮ್ಯಾಸಚೂಸೆಟ್ಸ್‌ನ ರೇಥಿಯಾನ್ ಕಾರ್ಖಾನೆಯ ಹೆಂಗಸರು. ತಂತಿ ಉಂಗುರದ ಒಳಗೆ ಹೋದರೆ ಒಂದು, ಹೊರಗೆ ಹೋದರೆ ಸೊನ್ನೆ. ಹಾಗೆ ಸಾವಿರಾರು ಉಂಗುರ. ಬಾಹ್ಯಾಕಾಶ ಉಡುಪು ಹೊಲಿದವರು ಡೆಲವೇರಿನ ಡೋವರ್‌ನಲ್ಲಿದ್ದ ಹೊಲಿಗೆ ಹೆಂಗಸರು. ಆ ಬಿಳಿ ಉಡುಪಿನ ಫೋಟೋ ಮೇಲೆ ತೊಟ್ಟವನ ಸಹಿ ಇದೆ, ಹೊಲಿದವಳದು ಇಲ್ಲ. ಸಹಿ ಸಂಗ್ರಹದ ದೊಡ್ಡ ದೋಷ ಇದೇ ಅಂತ ನನಗನ್ನಿಸುತ್ತೆ. ಸುಮಾರು ನಾಲ್ಕು ಲಕ್ಷ ಜನ ಮಾಡಿದ ಕೆಲಸವನ್ನ ಅದು ಹನ್ನೆರಡು, ಇಪ್ಪತ್ತನಾಲ್ಕು ಹೆಸರಿಗೆ ಇಳಿಸಿಬಿಡುತ್ತೆ. ಬೆಲೆ ಅಂತ ಒಂದು ಬಂದ ಮೇಲೆ ಇತಿಹಾಸವನ್ನೂ ಜನ ಬೆಲೆಪಟ್ಟಿಯ ಹಾಗೇ ಓದ್ತಾರೆ.

ಆದರೂ ಒಂದು ಕಡೆ ಅವರಂಥವರ ರುಜು ಸಿಕ್ಕಿತು. ಅಪೋಲೋ 11ರ ಕಂಪ್ಯೂಟರ್ ಕೋಡ್ 2016ರಲ್ಲಿ ಗಿಟ್‌ಹಬ್‌ನಲ್ಲಿ ಸಿಗೋ ಹಾಗಾಯ್ತು. ಯಾರು ಬೇಕಾದರೂ ಪುಕ್ಕಟೆ ಓದಬಹುದು. ಅದರಲ್ಲಿ ಮುಖ್ಯ ನೌಕೆಯ ಪ್ರೋಗ್ರಾಮಿನ ಒಪ್ಪಿಗೆ ಪುಟ ಇದೆ. ‘ಸಲ್ಲಿಸಿದವರು’ ಅನ್ನೋ ಕಡೆ ಮಾರ್ಗರೆಟ್ ಹ್ಯಾಮಿಲ್ಟನ್, ದಿನಾಂಕ 1969 ಮಾರ್ಚ್ 28. ಕೆಳಗೆ ಒಬ್ಬರ ಮೇಲೊಬ್ಬರಂತೆ ಒಪ್ಪಿದವರ ಹೆಸರು. ಇಂಕಿಲ್ಲ, ಬರೀ ಟೈಪು ಮಾಡಿದ ಅಕ್ಷರ. ಹರಾಜಿಗೆ ಇಟ್ಟರೆ ನಯಾಪೈಸೆ ಹುಟ್ಟಲ್ಲ. ಆದರೆ ಅಪ್ಪನ ಪ್ರಶ್ನೆಗೆ ಇದರಷ್ಟು ನೇರವಾದ ಉತ್ತರ ನಾನು ಬೇರೆಲ್ಲೂ ನೋಡಿಲ್ಲ. ಈ ಕೋಡ್ ನಂಬಿ ಮೂರು ಜನ ಹೋಗ್ತಾರೆ, ಇದು ಸರಿ ಇದೆ ಅಂತ ನಾವು ಹೇಳ್ತಿದೀವಿ, ತಪ್ಪಾದರೆ ನಮ್ಮನ್ನ ಕೇಳಿ ಅನ್ನೋ ಜಾಮೀನು ರುಜು ಅದು.

ಹಾಗೆ ನೋಡಿದರೆ, ಬಾಹ್ಯಾಕಾಶದ ಸಹಿ ಇರೋ ವಸ್ತು ನಮ್ಮ ಮನೆಗೂ ಬಂದಿತ್ತು. ಹಳೇ ಎರಡು ರೂಪಾಯಿ ನೋಟು ನೆನಪಿದೆಯಾ? ಹಿಂದುಗಡೆ ಆರ್ಯಭಟ ಉಪಗ್ರಹದ ಚಿತ್ರ. ಉಡುಪಿ ಕಡೆಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ ನಮ್ಮ ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೆ ಹೋದ ಉಪಗ್ರಹ. ಮುಂದುಗಡೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ, ಇದನ್ನ ತಂದವನಿಗೆ ಎರಡು ರೂಪಾಯಿ ಕೊಡ್ತೀನಿ ಅನ್ನೋ ಮಾತಿಗೆ. ಸಂತೆಯಲ್ಲಿ, ಬಸ್ಸಿನಲ್ಲಿ ಕೈಯಿಂದ ಕೈಗೆ ಹೋಗ್ತಿದ್ದ ಆ ನೋಟಿನ ಮೇಲೂ ಉಪಗ್ರಹ ಮಾಡಿದವರ ಹೆಸರಿಲ್ಲ, ನಿಜ. ಆದರೆ ಮಾತಿಲ್ಲದ ರುಜು ಅಂತೂ ಅದಲ್ಲ.

ಆ ಫೋಟೋ ನಾನು ಕೊಳ್ಳಲಿಲ್ಲ. ಅಪ್ಪ ಬೇಡ ಅಂದಿದ್ದಕ್ಕಲ್ಲ, ಅವರು ಬೇಡ ಅನ್ನಲೇ ಇಲ್ಲ. ಹ್ಯಾಮಿಲ್ಟನ್ ಹೆಸರಿರೋ ಆ ಪುಟವನ್ನ ಆಫೀಸ್ ಪ್ರಿಂಟರಿನಲ್ಲಿ ಒಂದು ಕಾಪಿ ತೆಗೆದು ಡೆಸ್ಕಿನ ಎದುರಿಗೆ ಅಂಟಿಸಿಕೊಂಡಿದೀನಿ. ಅದಕ್ಕೊಂದು ಕಾರಣ ಇದೆ. ನಮ್ಮಲ್ಲಿ ಇನ್ನೊಬ್ಬರ ಕೋಡ್ ಓದಿ ಸರಿ ಇದ್ದರೆ ‘ಅಪ್ರೂವ್’ ಒತ್ತಬೇಕು. ಶುಕ್ರವಾರ ಸಂಜೆ ಆದರೆ ನಾನು ಓದದೇ ಒತ್ತಿದ್ದು ಎಷ್ಟು ಸಲವೋ ಲೆಕ್ಕ ಇಲ್ಲ. ಆಟೋಪೆನ್ ಮಾಡೋ ಕೆಲಸವೂ ಅದೇ. ಈಗ ಎದುರಿಗಿರೋ ಪುಟ ಕಣ್ಣಿಗೆ ಬಿದ್ದಾಗ ‘ಯಾವ್ದುಕ್ಕೆ ರುಜು ಹಾಕ್ತಿದೀಯ’ ಅಂತ ಕೇಳಿಸುತ್ತೆ. ಆಗೆಲ್ಲ ಅಪ್ರೂವ್ ಒತ್ತೋದು ಬಿಟ್ಟು ಕೋಡನ್ನ ಮೊದಲ ಸಾಲಿಂದ ಓದ್ತೀನಿ. ಮನೆಗೆ ಹೋಗೋದು ಒಂದು ಗಂಟೆ ತಡ ಆಗುತ್ತೆ.